ಫಿಟ್ಸ್ ನಿಲ್ಲಿಸಿದ್ದು ಬೀಗದ ಕೈ ಅಲ್ಲ

2020ರ ಡಿಸೆಂಬರ್ 5ರಿಂದ, ವಿಜಯವಾಡಕ್ಕೆ ಸುಮಾರು 60 ಕಿ.ಮೀ. ದೂರದ ಏಲೂರಿನಲ್ಲಿ ಜನ ಇದ್ದಕ್ಕಿದ್ದಂತೆ ಕುಸಿದು ಬೀಳತೊಡಗಿದರು. ಫಿಟ್ಸ್, ತಲೆಸುತ್ತು, ವಾಂತಿ. ಕೆಲವೇ ದಿನಗಳಲ್ಲಿ ಸಂಖ್ಯೆ 500 ದಾಟಿತು. ಸ್ಥಿತಿ ಗಂಭೀರವಾದವರನ್ನು ವಿಜಯವಾಡ, ಗುಂಟೂರಿಗೆ ಸಾಗಿಸಿದರು. ಯಾರಿಗಾದರೂ ಫಿಟ್ಸ್ ಬಂದರೆ ನಮ್ಮ ಕಡೆ ಮೊದಲು ಹುಡುಕುವುದು ಕಬ್ಬಿಣವನ್ನು.

ನಂಬಿಕೆ: ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆ.

ನಿಲ್ಲುತ್ತದೆ, ನಿಜ. ಕೊಡದಿದ್ದರೂ ನಿಲ್ಲುತ್ತದೆ. ಮಿದುಳಿನ ನರಕೋಶಗಳಲ್ಲಿ ಕೆಲವು ಪಕ್ಕದ ಕೋಶವನ್ನು ಕೆರಳಿಸುತ್ತವೆ, ಕೆಲವು ‘ಗಾಬಾ’ ಎಂಬ ರಾಸಾಯನಿಕ ಸುರಿಸಿ ಅದನ್ನು ತಡೆಯುತ್ತವೆ. ಈ ತಡೆ ಸಡಿಲವಾದರೆ ಅಸಂಖ್ಯ ಕೋಶಗಳು ಒಟ್ಟಿಗೇ ವಿದ್ಯುತ್ ಸಂಕೇತ ಹೊಮ್ಮಿಸುತ್ತವೆ. ಕೈಕಾಲು ಸೆಟೆದು ಅದುರುತ್ತವೆ. ಸಾಮಾನ್ಯವಾಗಿ ಎರಡು ಮೂರು ನಿಮಿಷದೊಳಗೆ ಮಿದುಳೇ ಇದನ್ನು ತಣಿಸಿಕೊಳ್ಳುತ್ತದೆ. ಬೀಗದ ಕೈ ಗೊಂಚಲು ಹುಡುಕಿ ತರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ! ಈರುಳ್ಳಿ, ಚಪ್ಪಲಿ ಮೂಸಿಸುವುದೂ ಇದೇ ಲೆಕ್ಕ. ಬಾಯಿಗೆ ಚಮಚ ತುರುಕುವುದಂತೂ ಅಪಾಯ: ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು. ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮುಟ್ಟಿದರೆ ನಿಮಗೂ ಫಿಟ್ಸ್ ಅಂಟುವುದಿಲ್ಲ.

ನಂಬಿಕೆ: ನರವೆಂದರೆ ಮೈಯೊಳಗಿನ ಕರೆಂಟ್ ವೈರು.

ವೈರಿನಲ್ಲಿ ಸಂಕೇತ ಬೆಳಕಿಗೆ ಹತ್ತಿರದ ವೇಗದಲ್ಲಿ ಸಾಗುತ್ತದೆ. ನಮ್ಮ ಅತಿ ವೇಗದ ನರತಂತುವಿನಲ್ಲೂ ಅದು ಸೆಕೆಂಡಿಗೆ ಸುಮಾರು 120 ಮೀಟರ್. ಮಂದ ನೋವನ್ನು ಒಯ್ಯುವ ತಂತುಗಳಲ್ಲಿ ಬರೀ ಒಂದೆರಡು ಮೀಟರ್. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಕೋಶದ ಪೊರೆಯ ಒಳಹೊರಗೆ ನುಸುಳುತ್ತ ಸಂಕೇತವನ್ನು ಮುಂದಕ್ಕೆ ತಳ್ಳುತ್ತವೆ. ಕೋಶದ ತುದಿ ಮುಟ್ಟಿದ ಮೇಲೆ, ಹೆಚ್ಚಿನ ಕಡೆ, ಸುಮಾರು 20 ನ್ಯಾನೊಮೀಟರ್ ಬಿಡುವನ್ನು ದಾಟಿಸಲು ರಾಸಾಯನಿಕವೇ ಬೇಕು.

ವಿಷಗಳಿಗೆ ಪ್ರಿಯವಾದ ಜಾಗ ಈ ಬಿಡುವು. ಏಲೂರಿನ ರೋಗಿಗಳ ರಕ್ತದಲ್ಲಿ ದೆಹಲಿಯ ಏಮ್ಸ್ ಮೊದಲು ಸೀಸ, ನಿಕ್ಕಲ್ ಗುರುತಿಸಿತು. ಆಮೇಲೆ ಬೊಟ್ಟು ಕೀಟನಾಶಕದ ಉಳಿಕೆಯತ್ತ ತಿರುಗಿತು. ಸೀಸ ಕ್ಯಾಲ್ಸಿಯಂನ ವೇಷ ಹಾಕಿ ಬಂದು, ರಾಸಾಯನಿಕ ಹೊರಬೀಳುವ ಕ್ರಮವನ್ನೇ ಕೆಡಿಸುತ್ತದೆ. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ, ಬಳಸಿಯಾದ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ಹಿಡಿದು ಕೂರಿಸುತ್ತದೆ. ಸಂಕೇತ ನಿಲ್ಲುವುದೇ ಇಲ್ಲ. ಹುಳುವಿನಲ್ಲೂ ಅದೇ ರಾಸಾಯನಿಕ, ನಮ್ಮಲ್ಲೂ ಅದೇ. ಸಿಂಪಡಿಸುವವನ ಮೈಯನ್ನು ಔಷಧ ಬೇರೆಯಾಗಿ ಕಾಣುವುದಿಲ್ಲ.

ನಂಬಿಕೆ: ವಿಷಾನಿಲದ ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ ಮಾತ್ರ.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ ಕನಿಷ್ಠ 12 ಮಂದಿ ಸತ್ತರು. ಓಡಿ ಪಾರಾಗಲು ಹೊರಟವರು ರಸ್ತೆಯಲ್ಲೇ ಬಿದ್ದರು. ಕಣ್ಣು, ಗಂಟಲು ಉರಿದದ್ದು ಹೌದು. ಆದರೆ ಸ್ಟೈರೀನ್ ಕೊಬ್ಬಿನಲ್ಲಿ ಕರಗುವ ವಸ್ತು. ಮಿದುಳಿನ ರಕ್ತನಾಳಗಳ ಗೋಡೆಯ ಕೋಶಗಳು ಒತ್ತಾಗಿ ಹೆಣೆದುಕೊಂಡು ರಕ್ತದ ಎಷ್ಟೋ ವಸ್ತುಗಳನ್ನು ಹೊರಗೇ ತಡೆಯುತ್ತವೆ. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುವಿಗೆ ಆ ಕೋಶಗಳ ಪೊರೆಯೇ ಬಾಗಿಲು. ಒಳಹೊಕ್ಕು ಅದು ನರಕೋಶಗಳನ್ನು ಮಂಕಾಗಿಸುತ್ತದೆ: ತಲೆಸುತ್ತು, ತೂರಾಟ, ಪ್ರಮಾಣ ಹೆಚ್ಚಾದರೆ ಎಚ್ಚರ ತಪ್ಪುವುದು. ಬದುಕಿ ಉಳಿದವರ ಮೈಯಿಂದ ಅದರ ಬಹುಪಾಲು ಯಕೃತ್ತಿನಲ್ಲಿ ಮ್ಯಾಂಡೆಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರದಲ್ಲಿ ಹೋಗುತ್ತದೆ. ಸ್ಟೈರೀನ್ ನಡುವೆ ದುಡಿಯುವವರ ತಪಾಸಣೆಯಲ್ಲಿ ಅಳೆಯುವುದೂ ಈ ಆಮ್ಲವನ್ನೇ.