ಲಗಾಮಿಗಿಂತ ಮೊದಲು ಲಾಯ

1910ರ ದಶಕದ ಕೊನೆಗೆ ಅಮೆರಿಕದಲ್ಲಿ ಕುದುರೆ, ಹೇಸರಗತ್ತೆಗಳು ಸೇರಿ 2.5 ಕೋಟಿಗೂ ಹೆಚ್ಚಿದ್ದವು. 1960ರ ವೇಳೆಗೆ ಉಳಿದದ್ದು 30 ಲಕ್ಷದಷ್ಟು. ಟ್ರ್ಯಾಕ್ಟರ್ ಬಂದ ಮೇಲೆ ಕುದುರೆಗಳ ಜೊತೆಗೆ, ಅಪ್ಪನಿಂದ ಮಕ್ಕಳಿಗೆ ಬರುತ್ತಿದ್ದ ಕೈವಿದ್ಯೆಯೂ ಹೋಯಿತು. ಅದನ್ನು ಬಿಡದೆ ಉಳಿಸಿಕೊಂಡವರಲ್ಲಿ ಆಮಿಶ್ ಎಂಬ ಕ್ರೈಸ್ತ ಸಮುದಾಯದವರು ಮುಖ್ಯರು. ಈಗ ಪರ್ಶೆರಾನ್, ಬೆಲ್ಜಿಯನ್ ತಳಿಯ ಭಾರಿ ಕುದುರೆಗಳಿಂದ ಉಳುವ ಕೆಲವು ಸಣ್ಣ ತೋಟಗಳು ಹೊಸಬರನ್ನು ಒಂದು ಹಂಗಾಮಿನ ಮಟ್ಟಿಗೆ ಇರಿಸಿಕೊಂಡು ಕಲಿಸುತ್ತವೆ. ಬರುವವರಿಗೆ ಲಗಾಮು ಹಿಡಿಯುವ ಆತುರ ಸಹಜ. ಆದರೆ ಲಾಯದ ಚಾಕರಿ ಕಲಿಯದವರಿಗೆ ಕುದುರೆ ಹೂಡುವುದು ಬರುವುದಿಲ್ಲ; ಎರಡೂ ಒಂದೇ ವಿದ್ಯೆ ಎಂಬುದು ನನ್ನ ವಾದ.

ಕೊರಳಪಟ್ಟಿಯನ್ನೇ ನೋಡಿ. ನಮ್ಮ ಎತ್ತು ನೊಗಕ್ಕೆ ಹೆಗಲು ಕೊಟ್ಟರೆ, ಕುದುರೆ ಮೆತ್ತೆ ತುಂಬಿದ ಕೊರಳಪಟ್ಟಿಗೆ ಭುಜ ಒತ್ತಿ ಮುಂದಕ್ಕೆ ನಡೆಯುತ್ತದೆ. ಪಟ್ಟಿಯ ಕೆಳತುದಿಗೂ ಗಂಟಲಿಗೂ ನಡುವೆ ಅಂಗೈ ಚಪ್ಪಟೆಯಾಗಿ ತೂರುವಷ್ಟು ಜಾಗ ಇರಬೇಕು. ಬಿಗಿಯಾದರೆ ಉಸಿರು ಕಟ್ಟುತ್ತದೆ, ಸಡಿಲವಾದರೆ ಭುಜ ಉಜ್ಜಿ ಹುಣ್ಣಾಗುತ್ತದೆ. ಚಳಿಗಾಲದಲ್ಲಿ ಕೆಲಸವಿಲ್ಲದೆ ಮೈ ತುಂಬಿಕೊಂಡ ಕುದುರೆ ಉಳುಮೆ ಶುರುವಾದ ಮೇಲೆ ಇಳಿಯುತ್ತದೆ. ಆಗ ಹೊಂದಿದ್ದ ಪಟ್ಟಿ ಈಗ ಹೊಂದದು. ದಿನವೂ ಮೇವು ಹಾಕಿ, ಮೈ ಉಜ್ಜಿ, ಕೈಯಾಡಿಸುವವರಿಗೆ ಅದು ಮೊದಲು ತಿಳಿಯುತ್ತದೆ. ಹುಣ್ಣಾದ ಕುದುರೆ ಹೆಜ್ಜೆ ಕೀಳದೆ ನಿಂತರೆ, ಲಾಯ ಕಾಣದವನು ಅದನ್ನು ಮೊಂಡುತನ ಎಂದುಕೊಳ್ಳುತ್ತಾನೆ. ಮೇವಿನ ವಿಷಯವೂ ಹೀಗೆಯೇ. ದುಡಿಮೆಯ ದಿನದಷ್ಟೇ ಕಾಳನ್ನು ಭಾನುವಾರದ ಬಿಡುವಿನಲ್ಲೂ ತಿನ್ನಿಸಿ ಮರುದಿನ ಹೂಡಿದರೆ, ಸ್ನಾಯುಗಳು ಸೆಟೆದು ಕುದುರೆ ನಡೆಯಲಾರದೆ ನಿಲ್ಲುವುದುಂಟು. ಹಳಬರು ಇದನ್ನು ಸೋಮವಾರದ ಕಾಯಿಲೆ ಎನ್ನುತ್ತಿದ್ದರು. ಕುದುರೆಗೆ ವಾಂತಿ ಮಾಡಲಾಗದು, ಹೊಟ್ಟೆಶೂಲೆ ಪ್ರಾಣಕ್ಕೇ ಬರಬಹುದು. ಹಾಗಾಗಿ ಬೆಳಗಿನ ಲದ್ದಿ ನೋಡಿಯೇ ಅಂದಿನ ಕೆಲಸ ತೀರ್ಮಾನಿಸಬೇಕು.

ಇದನ್ನೆಲ್ಲ ಪುಸ್ತಕ, ವಿಡಿಯೊಗಳಿಂದ ಕಲಿಯಬಾರದೇ ಎಂದು ಕೇಳಬಹುದು. ಒರೆಗಾನ್‌ನ ಲಿನ್ ಮಿಲ್ಲರ್ 1976ರಲ್ಲಿ ಆರಂಭಿಸಿದ ‘ಸ್ಮಾಲ್ ಫಾರ್ಮರ್ಸ್ ಜರ್ನಲ್’ ಈ ತಿಳಿವಳಿಕೆಯನ್ನು ಅಚ್ಚಿನಲ್ಲಿ ಉಳಿಸಿತು. ಅದರ ಉಪಕಾರ ದೊಡ್ಡದು. ಆದರೆ ‘ಜೀ’ ಎಂದರೆ ಬಲಕ್ಕೆ, ‘ಹಾ’ ಎಂದರೆ ಎಡಕ್ಕೆ ಎಂದು ಪುಸ್ತಕ ಹೇಳಬಲ್ಲದೇ ಹೊರತು ಲಗಾಮನ್ನು ಎಷ್ಟು ಹಗುರಾಗಿ ಹಿಡಿಯಬೇಕೆಂದು ಬೆರಳಿಗೆ ಕಲಿಸಲಾರದು. ಅದಕ್ಕೇ ಪಳಗಿದ ಕುದುರೆಯ ಹಿಂದೆ ಲಗಾಮು ಹಿಡಿದು ಸುಮ್ಮನೆ ನಡೆಯುವುದರಿಂದ ಶುರುಮಾಡಿ, ಆಮೇಲೆ ದಿಮ್ಮಿ ಎಳೆಸಿ, ಕೊನೆಗೆ ನೇಗಿಲಿಗೆ ಬರುವುದು ಒಳ್ಳೆಯ ಕ್ರಮ. ಅದು 800 ಕಿಲೊ ತೂಗುವ ಪ್ರಾಣಿ. ನೇರ ಹಿಂದಿರುವುದು ಅದಕ್ಕೆ ಕಾಣದು, ಬೆದರಿದರೆ ಓಡುವುದೇ ಅದರ ಸ್ವಭಾವ. ಕಲಿಸುವವರು ಪಕ್ಕದಲ್ಲೇ ಇರಬೇಕು.

ಟ್ರ್ಯಾಕ್ಟರ್ ಇರುವಾಗ ಈ ಶ್ರಮ ಏಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅಂಥ ಕುದುರೆ ಕೆಲಸವಿಲ್ಲದ ದಿನವೂ ಸುಮಾರು 16 ಕಿಲೊ ಒಣಹುಲ್ಲು ತಿನ್ನುತ್ತದೆ. ದೊಡ್ಡ ಬೇಸಾಯಕ್ಕೆ ಅದು ಗಿಟ್ಟದು. ಆದರೆ ಹುಲ್ಲನ್ನು ತಾನೇ ಬೆಳೆದು, ಲದ್ದಿಯನ್ನು ಗೊಬ್ಬರ ಮಾಡಿಕೊಳ್ಳುವ ಸಣ್ಣ ತರಕಾರಿ ತೋಟಕ್ಕೆ ಡೀಸೆಲ್‌ ಖರ್ಚು ಇಳಿಸುವ ದಾರಿ ಅದು. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಕಲಿಸುವ ನೆಪದಲ್ಲಿ ಬಿಟ್ಟಿ ದುಡಿಸಿಕೊಳ್ಳುವುದು. ನನ್ನ ವಾದ ಅದಕ್ಕೆ ಆಸರೆಯಾಗಬಾರದು. ಲಾಯ ಗುಡಿಸುವವರಿಗೆ ಲದ್ದಿಯಲ್ಲಿ ಏನು ನೋಡಬೇಕೆಂದು ಹೇಳಿಕೊಡದಿದ್ದರೆ, ವಾರವಾರವೂ ಅವರ ಕೈಗೆ ಲಗಾಮು ಕೊಡದಿದ್ದರೆ, ಅದನ್ನು ತರಬೇತಿ ಎನ್ನಲಾಗದು. ಅದು ಕೂಲಿ ಕೆಲಸ, ಅದಕ್ಕೆ ಕೂಲಿ ಕೊಡಲೇಬೇಕು.