ಬೇಸಿಗೆಯಲ್ಲಿ ಬಾಯ್ದೆರೆಯುವ ಹಿಮದ ಗವಿಗಳು

ಹಿಮದ ಗವಿ ಎಂದೊಡನೆ ಧ್ರುವ ಪ್ರದೇಶವೋ ಹಿಮಾಲಯದ ತುದಿಯೋ ನೆನಪಾಗುವುದು ಸಹಜ. ಆದರೆ ಬೆಂಗಳೂರಿಗಿಂತಲೂ ತಗ್ಗಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 2000 ಅಡಿ ಎತ್ತರದಲ್ಲಿ, ಅದೂ ಬೇಸಿಗೆಯಲ್ಲಿ ಇಂಥ ಗವಿಗಳು ಕಾಣಸಿಗುತ್ತವೆ ಎಂದರೆ ನಂಬುವಿರಾ?

ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ರಾಜ್ಯವಿದೆ. (ದೇಶದ ರಾಜಧಾನಿ ವಾಷಿಂಗ್ಟನ್ ಬೇರೆ.) ಇಲ್ಲಿನ ಕ್ಯಾಸ್ಕೇಡ್ ಪರ್ವತಶ್ರೇಣಿಯ 'ಬಿಗ್ ಫೋರ್' ಶಿಖರದ ಬುಡದಲ್ಲಿ ಈ ಗವಿಗಳಿವೆ. ಗ್ರಾನೈಟ್ ಫಾಲ್ಸ್ ಪಟ್ಟಣದಿಂದ ಸುಮಾರು 40 ಕಿ.ಮೀ. ದೂರ. ರಸ್ತೆಯಿಂದಾಚೆಗೆ ಕಾಲುದಾರಿ. ಜೌಗು ನೆಲ, ನದಿ, ದಟ್ಟ ಕಾಡು ದಾಟಿ ಹೋಗಿಬರಲು ಒಟ್ಟು ಮೂರೂವರೆ ಕಿ.ಮೀ. ನಡೆದರಾಯಿತು. ಕಾಡು ಮುಗಿದೊಡನೆ ಎದುರಿಗೆ ಸುಮಾರು 4000 ಅಡಿಯ ಬಂಡೆಗೋಡೆ. ಅದರ ಮೇಲಿಂದ ಇಳಿಯುವ ಬಿಳಿಯ ಜಲಪಾತಗಳು. ಬುಡದಲ್ಲಿ ಹಿಮದ ರಾಶಿ!

ಗವಿ ಕೊರೆಯುವವರು ಯಾರು?

ಚಳಿಗಾಲದಲ್ಲಿ ಈ ಗೋಡೆಯ ಮೇಲೆ ಬಿದ್ದ ಹಿಮ ಅಲ್ಲಿ ನಿಲ್ಲಲಾರದೆ ಕುಸಿದು ಬುಡಕ್ಕೆ ಬಂದು ಬೀಳುತ್ತದೆ. ಕುಸಿತದ ಮೇಲೆ ಕುಸಿತವಾಗಿ ಹಿಮ ಒತ್ತಿಕೊಂಡು ಗಟ್ಟಿಯಾಗುತ್ತದೆ. ಗೋಡೆ ಉತ್ತರಕ್ಕೆ ಮುಖ ಮಾಡಿರುವುದರಿಂದ ಬುಡಕ್ಕೆ ಸದಾ ನೆರಳು. ಜೊತೆಗೆ ಇನ್ನೊಂದು ಕಾರಣವಿದೆ. 0 ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ಕರಗಿ ಅದೇ ಉಷ್ಣತೆಯ ನೀರಾಗಲು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖ ಒಂದು ಗ್ರಾಂ ನೀರನ್ನು 0ಯಿಂದ 80 ಡಿಗ್ರಿಗೆ ಏರಿಸಬಲ್ಲದು. ವಿದ್ಯಾರ್ಥಿಗಳು ತರಗತಿಯಲ್ಲಿ ಓದುವ ಗುಪ್ತೋಷ್ಣ ಇದೇ. ಆದ್ದರಿಂದ ರಾಶಿ ಬೇಗ ಕರಗದು.

ಬೇಸಿಗೆ ಬಂದಾಗ ಜಲಪಾತಗಳ ನೀರು ರಾಶಿಯ ಅಡಿಯಲ್ಲಿ ನುಗ್ಗಿ ಸುರಂಗ ಕೊರೆಯುತ್ತದೆ. ಸುರಂಗದೊಳಗೆ ಬೆಚ್ಚಗಿನ ಗಾಳಿ ಹೊಕ್ಕು ಗೋಡೆ, ಚಾವಣಿಗಳನ್ನು ಕರಗಿಸುತ್ತದೆ. ಸುರಂಗ ಹಿಗ್ಗಿ ಗವಿಯಾಗುತ್ತದೆ. ಸಾಮಾನ್ಯವಾಗಿ ಬೇಸಿಗೆಯ ಕೊನೆಯ ಹೊತ್ತಿಗೆ ಇವು ಬಾಯ್ದೆರೆಯುತ್ತವೆ.

ಚೆಲುವಿನ ಬೆನ್ನಿಗೇ ಅಪಾಯ

ಕಲ್ಲಿನ ಗವಿ ಸಾವಿರಾರು ವರ್ಷ ನಿಲ್ಲಬಲ್ಲದು. ಹಿಮದ ಗವಿಯ ಚಾವಣಿ ದಿನದಿನಕ್ಕೂ ತೆಳುವಾಗುತ್ತದೆ. ಗವಿಯನ್ನು ಕಟ್ಟಿದ ನೀರು, ಗಾಳಿಗಳೇ ಅದನ್ನು ಕೆಡವುತ್ತವೆ. ಯಾವ ಗಳಿಗೆಯಲ್ಲಿ ಎಂದು ಹೇಳಲಾಗದು. ಒಂದು ಘನ ಮೀಟರ್ ಗಟ್ಟಿ ಮಂಜುಗಡ್ಡೆಯ ತೂಕ ಸುಮಾರು 900 ಕಿಲೋಗ್ರಾಂ. ಅದು ತಲೆಯ ಮೇಲೆ ಬಿದ್ದರೆ ಗತಿಯೇನು?

2015ರಲ್ಲಿ ಹಿಮ ಕಡಿಮೆ ಬಿದ್ದು ಗವಿಗಳು ಮಾಮೂಲಿಗಿಂತ ಮುಂಚೆಯೇ ತೆರೆದುಕೊಂಡವು. ಒಳಹೋಗಬೇಡಿ ಎಂದು ಅರಣ್ಯ ಇಲಾಖೆ ಎಚ್ಚರಿಸಿತ್ತು. ಆದರೂ ಜನ ಹೋದರು. ಜುಲೈ 6ರಂದು ಚಾವಣಿ ಕುಸಿದು ಒಬ್ಬರು ಸತ್ತರು, ಐವರು ಗಾಯಗೊಂಡರು. 2010ರ ಬೇಸಿಗೆಯಲ್ಲಿ ಸತ್ತ 11 ವರ್ಷದ ಬಾಲಕಿಯಂತೂ ಒಳಗೆ ಹೋಗಿರಲೇ ಇಲ್ಲ. ಹೊರಗಿದ್ದವಳಿಗೆ, ಮೇಲಿನಿಂದ ಕಳಚಿ ಉರುಳಿದ ಮಂಜುಗಡ್ಡೆ ಬಡಿದಿತ್ತು.

ಹಾಗಾದರೆ ನೋಡಲೇಬಾರದೆ? ಖಂಡಿತ ನೋಡಬಹುದು. ಕಾಲುದಾರಿ ಮುಗಿಯುವಲ್ಲಿಯೇ ನಿಂತರೆ ಜಲಪಾತ, ಹಿಮರಾಶಿ, ಗವಿಯ ಬಾಯಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಹೊರಡುವ ಮುನ್ನ ದಾರಿಯ ಸ್ಥಿತಿ ವಿಚಾರಿಸಬೇಕು. ಹಿಮದ ಮೇಲೆ ಹತ್ತಬಾರದು, ಗವಿಯ ಬಾಯಿಗೆ ಸಮೀಪಿಸಬಾರದು. ಸಿಯಾಟಲ್ ಸುತ್ತಮುತ್ತ ನೆಲೆಸಿದ ಮಕ್ಕಳನ್ನು ನೋಡಲು ಬೇಸಿಗೆಯಲ್ಲಿ ಹೋಗುವ ನಮ್ಮ ತಂದೆತಾಯಿಗಳೂ ಇದನ್ನು ನೆನಪಿಡುವುದೊಳ್ಳೆಯದು. "ಎಲ್ಲರೂ ಒಳಗೆ ಹೋಗುತ್ತಿದ್ದಾರಲ್ಲ!" ಎಂದು ಮೊಮ್ಮಗು ಕೈ ಜಗ್ಗಿದಾಗ ಗದರಬೇಕಿಲ್ಲ. ಆ ಚಾವಣಿ ಏಕೆ ತೆಳುವಾಗುತ್ತಿದೆ ಎಂದು ಅಲ್ಲಿಯೇ ಕೂರಿಸಿ ವಿವರಿಸಿದರೆ ಸಾಕು.