ಮೀನಿನ ಬಾಯಿಗೆ ಎಟುಕದ ತೆಪ್ಪ

ಬೆಳಗಿನ ಒಂಬತ್ತರ ಹೊತ್ತು. ಮೈಸೂರಿನ ಸರಸ್ವತಿಪುರಂನಲ್ಲಿ ಹಳೆಯ ಮನೆಯೊಂದರ ಹಿತ್ತಲು. ಮಾವಿನ ಮರದ ನೆರಳು ಕೊಳದ ಅರ್ಧಕ್ಕೆ ಹರಡಿದೆ, ಇನ್ನರ್ಧಕ್ಕೆ ಎಳೆಬಿಸಿಲು. 12 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳದ ಕೊಳ. ಹತ್ತು ಸಾವಿರ ಲೀಟರಿಗೂ ಮಿಕ್ಕಿ ನೀರು ಹಿಡಿಯುತ್ತದೆ. ಅದರೊಳಗೆ ಎಂಟು ಕೋಯಿ ಮೀನುಗಳು. ಬಿಳಿ ಮೈಗೆ ಕೆಂಪು ಮಚ್ಚೆಯದು ಒಂದು, ಕಪ್ಪಿನ ಮೇಲೆ ಕೆಂಪು-ಬಿಳಿ ಚೆಲ್ಲಿದ್ದು ಇನ್ನೊಂದು, ಉದ್ದಕ್ಕೂ ಬಂಗಾರದ ಬಣ್ಣದ್ದು ಮತ್ತೊಂದು. ಬಿಸಿಲಿನ ಗೆರೆಯನ್ನು ದಾಟುವಾಗ ಆ ಬಣ್ಣಗಳು ಒಮ್ಮೆ ಹೊತ್ತಿಕೊಂಡು, ನೆರಳಿಗೆ ಸರಿದೊಡನೆ ಆರುತ್ತವೆ.

ತಳದಲ್ಲಿ ನೈದಿಲೆಯ ಕುಂಡವೊಂದಿದೆ. ಕುಂಡವಷ್ಟೇ ಉಳಿದಿದೆ, ನೈದಿಲೆಯಿಲ್ಲ. ಬಂಗಾರದ ಮೀನು ಅದರ ಬಳಿ ಹೋಗಿ ತಲೆ ಕೆಳಗೆ ಮಾಡುತ್ತದೆ, ಬಾಲ ಮೇಲೇಳುತ್ತದೆ. ತುಟಿಯ ಅಂಚಿನ ಎರಡು ಜೊತೆ ಮೀಸೆಗಳು ಮಣ್ಣನ್ನು ತಡವುತ್ತವೆ. ಮಡಿಸಿಕೊಂಡಿದ್ದ ಬಾಯಿ ಕೊಳವೆಯಾಗಿ ಮುಂದಕ್ಕೆ ಚಾಚಿ ಒಂದು ಗುಕ್ಕು ಮಣ್ಣನ್ನು ಎಳೆದುಕೊಳ್ಳುತ್ತದೆ. ಒಂದೆರಡು ಗಳಿಗೆ ಕೆನ್ನೆ ಅಲುಗುತ್ತದೆ, ಆಮೇಲೆ ಮಣ್ಣು ಹೊರಕ್ಕೆ. ಕೋಯಿ ಎಂದರೆ ಬಣ್ಣದ ಗೆಂಡೆ ಮೀನು. ಗೆಂಡೆಯ ಬಾಯೊಳಗಿನ ಮೇಲ್ಛಾವಣಿ ಬರೀ ಮಾಂಸಖಂಡ. ಮೊರದಲ್ಲಿ ಅಕ್ಕಿ ಆರಿಸುವ ಕೈಬೆರಳುಗಳಂತೆ ಅದು ಮಣ್ಣಿನೊಳಗಿನ ತಿನ್ನಬಹುದಾದ ಚೂರನ್ನು ಅಲ್ಲೇ ಒತ್ತಿ ಹಿಡಿದು ಮಿಕ್ಕದ್ದನ್ನು ಬಿಟ್ಟುಬಿಡುತ್ತದೆ. ಉಳಿಸಿಕೊಂಡದ್ದನ್ನು ಅರೆಯಲು ಗಂಟಲಲ್ಲಿ ಹಲ್ಲುಗಳಿವೆ. ಬಸವನಹುಳುವಿನ ಚಿಪ್ಪೂ ಅಲ್ಲಿ ಪುಡಿಯಾಗುತ್ತದೆ. ಎಳೆ ಬೇರು, ಕುಡಿ, ಗೆಡ್ಡೆಯ ಮೊಳಕೆಗಳ ಪಾಡು ಕೇಳಬೇಕಾದ್ದಿಲ್ಲ. ಇನ್ನೂ ಒಂದು ಸಂಗತಿ: ಈ ಮೀನಿಗೆ ಜಠರವೇ ಇಲ್ಲ. ಗಂಟಲು ದಾಟಿದ್ದು ನೇರ ಕರುಳಿಗೆ. ಒಮ್ಮೆಗೇ ಹೊಟ್ಟೆ ತುಂಬಿಸಿಕೊಂಡು ಸುಮ್ಮನಿರುವುದು ಅದರ ಮೈಗೆ ಒಗ್ಗದು. ಹಗಲೆಲ್ಲ ಒಂದಿಷ್ಟೊಂದಿಷ್ಟೇ ಮೇಯುತ್ತಿರಬೇಕು.

“ಮೀನಿನದೇನು ತಪ್ಪು ಹೇಳಿ? ಅಗೆಯೋದು ಅದರ ಕಸುಬು. ಅದರ ಬಾಯಿಗೆ ಸಿಗೋ ಕಡೆ ಗಿಡ ಇಟ್ಟವರು ನಾವು,” ಎನ್ನುತ್ತಾರೆ ಮನೆಯೊಡತಿ. ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಬೀದಿಯವರಿಗೆಲ್ಲ ಟೀಚರಮ್ಮ.

ಕೋಯಿಯ ಹಿಂದಿನ ಕಥೆ ಬಲ್ಲವರಿಗೆ ಅವರ ಮಾತಿನ ನ್ಯಾಯ ಬೇಗ ಹೊಳೆಯುತ್ತದೆ. ಜಪಾನಿನ ನೀಗಾತಾ ಪ್ರಾಂತ್ಯದ ಯಮಕೋಶಿಯ ಬೆಟ್ಟಗಳಲ್ಲಿ ಚಳಿಗಾಲವೆಂದರೆ ಆಳೆತ್ತರದ ಹಿಮ. ಆ ದಿನಗಳ ಊಟಕ್ಕೆಂದು ರೈತರು ಮೆಟ್ಟಿಲುಗದ್ದೆಗಳ ಮೇಲಿನ ನೀರಿನ ಹೊಂಡಗಳಲ್ಲಿ ಗೆಂಡೆ ಸಾಕುತ್ತಿದ್ದರು. 19ನೇ ಶತಮಾನದಲ್ಲಿ ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬಣ್ಣದ ಮರಿ ಕಾಣಿಸಿತು. ತಿನ್ನದೆ ಉಳಿಸಿಕೊಂಡರು, ಜೋಡಿ ಕೂಡಿಸಿದರು, ತಲೆಮಾರುಗಟ್ಟಲೆ ಆರಿಸುತ್ತ ಬಂದರು. 1914ರಲ್ಲಿ ಟೋಕಿಯೊದ ದೊಡ್ಡ ವಸ್ತುಪ್ರದರ್ಶನಕ್ಕೆ ಬೆಟ್ಟದ ಆ ಮೀನುಗಳು ಬಂದ ಮೇಲೆ ಹೊರಜಗತ್ತಿಗೆ ಅವುಗಳ ಪರಿಚಯವಾಯಿತು. ಬಣ್ಣವನ್ನು ಮನುಷ್ಯ ತಿದ್ದಿದ. ಕೆಸರಿನಲ್ಲಿ ಮೂತಿ ಹೂತು ಹುಡುಕುವ ಸ್ವಭಾವವನ್ನು ಯಾರೂ ತಿದ್ದಲಿಲ್ಲ, ತಿದ್ದಬೇಕಾಗಿಯೂ ಇರಲಿಲ್ಲ. ಮೀನಿನ ಚೆಂದವೊಂದನ್ನೇ ನೋಡುವ ಸಾಕಣೆದಾರರು ಇಂದಿಗೂ ಕೊಳದಲ್ಲಿ ಒಂದು ಹುಲ್ಲೆಸಳನ್ನೂ ಇಡುವುದಿಲ್ಲ. ನಾಲ್ಕು ಗೋಡೆ, ತಿಳಿನೀರು, ಬದಿಯಲ್ಲಿ ದೊಡ್ಡ ಫಿಲ್ಟರ್. ಅದೂ ಒಂದು ಚೆಲುವೇ. ಆದರೆ ಕಪ್ಪೆ, ಏರೋಪ್ಲೇನ್ ಚಿಟ್ಟೆ, ನೀರಿನ ಮೇಲೆ ಬಾಗಿದ ಹೂವು ಇವೆಲ್ಲ ಇಲ್ಲದ ಕೊಳ ನನ್ನ ಕಣ್ಣಿಗೆ ತೊಟ್ಟಿಯಾಗಿಯೇ ಉಳಿಯುತ್ತದೆ.

ಗಿಡ ಬೇಕೆನ್ನಲು ಕಣ್ಣಿನ ಆಸೆಯಷ್ಟೇ ಕಾರಣವಲ್ಲ. ಮೀನು ತನ್ನ ಮೈಯ ಕೊಳೆಯನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಬಿಡುತ್ತದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನೆರಡೂ ಮೀನಿಗೆ ವಿಷ. ಕೊನೆಯದು ಅಷ್ಟು ಕೆಟ್ಟದ್ದಲ್ಲವಾದರೂ ಕೂಡುತ್ತಾ ಹೋದರೆ ಪಾಚಿಗೆ ಗೊಬ್ಬರವಾಗಿ ನೀರು ಹಸಿರುಗಟ್ಟುತ್ತದೆ. ಬೇರುಗಳು ನೀರಿನಲ್ಲಿದ್ದರೆ ಅದನ್ನು ಹೀರುತ್ತವೆ. ಬೇರಿನ ಮೈಯೇ ಆ ಬ್ಯಾಕ್ಟೀರಿಯಗಳಿಗೆ ಮನೆಯಾಗುತ್ತದೆ. ಹಾಗಾಗಿ ಗಿಡವನ್ನು ದಡಕ್ಕೆ ಸಾಗಿಸಿ ಕೈತೊಳೆದುಕೊಂಡರೆ ಕೆಲಸ ಕೆಡುತ್ತದೆ. ಬೇರು ನೀರಿನಲ್ಲಿಯೇ ಇರಬೇಕು, ಮೀನಿನ ಬಾಯಿಗೆ ಮಾತ್ರ ಸಿಗಬಾರದು.

ಅದಕ್ಕೇ, ಗಿಡ ಹೊರುವ ತೇಲುವ ತೆಪ್ಪ ಕಟ್ಟಲು, ಇವತ್ತು ಪ್ಲಂಬರ್ ಹುಡುಗ ಬಂದಿದ್ದಾನೆ. ಹಿತ್ತಲ ಕಲ್ಲುಚಪ್ಪಡಿಯ ಮೇಲೆ ಅವನ ಹ್ಯಾಕ್ಸಾ, ಸಲ್ಯೂಷನ್ ಡಬ್ಬ, ಮರಳು ಕಾಗದ. ಎರಡು ಇಂಚಿನ ಪಿವಿಸಿ ಪೈಪನ್ನು ಎರಡೂವರೆ ಅಡಿಯ ನಾಲ್ಕು ತುಂಡು ಮಾಡಿದ್ದಾನೆ. ನಾಲ್ಕು ಮೂಲೆಗೆ ನಾಲ್ಕು ಎಲ್ಬೋ.

“ಅಮ್ಮಾ, ಇದ್ರೊಳಗೆ ಗಾಳಿ ಬಿಟ್ರೆ ಏನೂ ಇಲ್ವಲ್ಲ, ಗಿಡದ ಭಾರ ತಡೀತದಾ?”

“ಆ ಗಾಳಿನೇ ಕಣಪ್ಪ ತಡಿಯೋದು. ಒಂದು ಮೀಟರ್ ಪೈಪು ಮುಳುಗಿದ್ರೆ ಮೂರು ಲೀಟರ್ ನೀರು ಪಕ್ಕಕ್ಕೆ ಸರೀತದೆ. ಮೂರು ಲೀಟರ್ ಅಂದ್ರೆ ಮೂರು ಕೆ.ಜಿ. ನಿನ್ನ ಚೌಕಟ್ಟು ಒಟ್ಟು ಎಷ್ಟು ಮೀಟರ್?”

“ಹತ್ತು ಅಡಿ… ಮೂರು ಮೀಟರ್.”

“ಹಂಗಾದ್ರೆ ಒಂಬತ್ತು ಕೆ.ಜಿ. ಅದರಲ್ಲಿ ಪೈಪಿನ ತೂಕ ಕಳಿ. ಮಿಕ್ಕಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಿಸಬಾರದು. ಕ್ಯಾನಾ ಎದೆಮಟ್ಟ ಬೆಳೀತದೆ, ಮಳೆ ಬಂದ್ರೆ ಎಲೆ ಎಲ್ಲ ನೀರು ಕುಡಿದು ಭಾರ ಆಗ್ತದೆ.”

ಹುಡುಗ ತುದಿಗಳನ್ನು ಉಜ್ಜಿ, ಸಲ್ಯೂಷನ್ ಸವರಿ, ಎಲ್ಬೋಗೆ ತೂರಿಸಿ ಕಾಲು ಸುತ್ತು ತಿರುಗಿಸುತ್ತಾನೆ. ಬದಿಯಲ್ಲಿ ಇನ್ನೊಂದು ಚೌಕಟ್ಟಿದೆ, ಹಿಂದಿನ ದಿನವೇ ಅಂಟಿಸಿದ್ದು. ಸಲ್ಯೂಷನ್ನಿನ ವಾಸನೆ ಪೂರ್ತಿ ಹೋಗುವವರೆಗೆ ಅದು ಕೊಳದ ಹತ್ತಿರ ಸುಳಿಯಬಾರದೆಂಬುದು ಟೀಚರಮ್ಮನ ಕಟ್ಟಪ್ಪಣೆ. ಒಣಗಿದ್ದನ್ನು ಸಿಮೆಂಟ್ ತೊಟ್ಟಿಯಲ್ಲಿ ಮೂಲೆ ಮೂಲೆಯಾಗಿ ಅದುಮುತ್ತಾರೆ. ಒಂದು ಮೂಲೆಯಿಂದ ಗುಳ್ಳೆ ಎದ್ದರೂ ಆ ಕೀಲು ಸೋರುತ್ತದೆಂದು ಅರ್ಥ. ವಾರ ಕಳೆಯುವುದರೊಳಗೆ ತೆಪ್ಪ ಒಂದು ಬದಿಗೆ ವಾಲುತ್ತದೆ. ಗುಳ್ಳೆ ಏಳಲಿಲ್ಲ.

ಈಗ ಬಲೆ. ಇದರಲ್ಲೇ ಇಡೀ ಕೆಲಸದ ಜೀವವಿದೆ. ಕಣ್ಣು ದೊಡ್ಡದಾದರೆ ಮೂತಿ ತೂರುತ್ತದೆ, ತೀರಾ ಸಣ್ಣದಾದರೆ ಬೇರು ಹೊರಬರದು, ಕೊಳೆ ಕಟ್ಟಿಕೊಂಡು ನೀರಾಡುವುದಿಲ್ಲ. ಒಂದು ಸೆಂಟಿಮೀಟರ್ ಆಸುಪಾಸಿನ ಕಣ್ಣಿನ ಗಟ್ಟಿ ಪ್ಲಾಸ್ಟಿಕ್ ಜಾಲರಿಯನ್ನು ಅವರು ಆರಿಸಿದ್ದಾರೆ. ಅದನ್ನು ಎಂಟು ಇಂಚು ಆಳದ ಚೀಲವಾಗಿ ಬಾಗಿಸಿ ಚೌಕಟ್ಟಿಗೆ ಕೇಬಲ್ ಟೈಗಳಿಂದ ಬಿಗಿದಿದ್ದಾರೆ. ಪ್ರತಿ ಟೈಯ ಬಾಲವನ್ನೂ ಬುಡಕ್ಕೆ ಕತ್ತರಿಸಿ, ಗಂಟು ಮೇಲ್ಮುಖವಾಗಿ ತಿರುಗಿಸಿದ್ದಾರೆ. ಮೈ ಉಜ್ಜುತ್ತ ಹೋಗುವ ಮೀನಿಗೆ ಕತ್ತರಿಸಿದ ಪ್ಲಾಸ್ಟಿಕ್ಕಿನ ಚೂಪು ತುದಿ ಸಾಕು, ಹುರುಪೆ ಕಿತ್ತು ಗಾಯ ಕೀವಾಗಲು. ಕೋಳಿಗೂಡಿನ ತಂತಿಜಾಲರಿ ಅಗ್ಗವಾಗಿ ಸಿಗುತ್ತದೆ, ಆದರೆ ಅದರ ಸತುವಿನ ಲೇಪ ನೀರಿಗೆ ಬಿಡುತ್ತದೆ, ಸತು ಮೀನಿಗಾಗದು. ತೇಲಿಸಲು ಬಳಸುವ ಥರ್ಮಾಕೋಲ್ ಬಗ್ಗೆ ನಾನಂತೂ ಖಂಡಿತವಾಗಿ ಹೇಳುತ್ತೇನೆ: ಕೋಯಿ ಇರುವ ಕೊಳಕ್ಕೆ ಅದು ಬೇಡ. ಮೀನು ಅದನ್ನು ಕೊರೆಯುತ್ತದೆ, ಬಿಳಿ ಕಾಳುಗಳು ಉದುರುತ್ತವೆ, ಆಹಾರವೆಂದು ನುಂಗುತ್ತದೆ.

ಚೀಲದೊಳಗೆ ತೆಂಗಿನ ನಾರಿನ ಹಾಸು, ಅದರ ಮೇಲೆ ತೊಳೆದ ಸಣ್ಣ ಜಲ್ಲಿ ಒಂದು ಪದರ. ಮಣ್ಣಿಲ್ಲ, ಗೊಬ್ಬರವಿಲ್ಲ. ಮೀನು ಬಿಡುವುದೇ ಗೊಬ್ಬರ. ಇನ್ನೂ ಸೇರಿಸಿದರೆ ಪಾಚಿಗೆ ಔತಣ. ನರ್ಸರಿಯಿಂದ ತಂದ ಗಿಡಗಳ ಬೇರಿನ ಮಣ್ಣನ್ನೆಲ್ಲ ಬಕೆಟ್ಟಿನಲ್ಲಿ ಅಲುಗಾಡಿಸಿ ತೊಳೆದಿಟ್ಟಿದ್ದಾರೆ. ನಡುವೆ ಎರಡು ಕ್ಯಾನಾ, ಸುತ್ತ ಬಜೆ, ಒಂದು ಮೂಲೆಗೆ ಲಾವಂಚ, ಅಂಚಿಗೆ ಒಂದೆಲಗ. ಬಜೆಯ ಎಲೆ ಮುರಿದರೆ ಘಮ್ಮೆನ್ನುತ್ತದೆ. ಹಸುಗೂಸಿಗೆ ತೇಯ್ದು ನೆಕ್ಕಿಸುವ ಅದೇ ಬಜೆ. ಕೆಸರೂ ನೀರೂ ಅದರ ತವರು. ಅಂತರಗಂಗೆ ತೇಲಿಬಿಟ್ಟರೆ ಇಷ್ಟೆಲ್ಲ ಕಷ್ಟವಿಲ್ಲವಲ್ಲ ಎಂದು ಹುಡುಗ ಕೇಳಿದ. ಕೋಯಿಗಳು ಅದರ ಬೇರಿನ ಕುಚ್ಚನ್ನು ನಾಲ್ಕು ದಿನದಲ್ಲಿ ಬೋಳಿಸುತ್ತವೆ. ತಪ್ಪಿಸಿಕೊಂಡು ಮಳೆನೀರಿನ ಜೊತೆ ಚರಂಡಿಗೆ, ಅಲ್ಲಿಂದ ಕೆರೆಗೆ ಹೋದರೆ ಕೆರೆಯ ಮುಖವನ್ನೇ ಮುಚ್ಚುತ್ತದೆ.

ತೆಪ್ಪದ ಮೇಲೆ ಬೆಳೆಯುವುದು ಈ ಹಿತ್ತಲಲ್ಲಿ ಹುಟ್ಟಿದ ಬುದ್ಧಿಯಲ್ಲ. ಶ್ರೀನಗರದ ದಾಲ್ ಸರೋವರದಲ್ಲಿ ತೇಲುವ ತೋಟಗಳ ಮೇಲೆ ತರಕಾರಿ ಬೆಳೆದು ದೋಣಿಯಲ್ಲಿ ಮಾರುತ್ತಾರೆ. ಬಾಂಗ್ಲಾದೇಶದ ತಗ್ಗುನಾಡುಗಳಲ್ಲಿ ಜಲಕಳೆಯನ್ನೇ ಒಟ್ಟಿ ಹಾಸಿಗೆ ಮಾಡಿ ಅದರ ಮೇಲೆ ಸಸಿ ಎಬ್ಬಿಸುತ್ತಾರೆ. ಆ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಕೃಷಿ ಪರಂಪರೆಯೆಂದು ಗುರುತಿಸಿತು. ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ 2018ರಲ್ಲಿ ಬಿದಿರು, ಗೋಣಿ, ಜಲ್ಲಿಗಳಿಂದ ಮೂರು ಸಾವಿರ ಚದರಡಿಯ ತೇಲುವ ದ್ವೀಪ ಕಟ್ಟಿ, ಲಾವಂಚ, ಕ್ಯಾನಾ, ಜೊಂಡುಗಳನ್ನು ನೆಟ್ಟು ಕೊಳಚೆ ಹೀರಲು ಬಿಟ್ಟರು. ಅಲ್ಲಿನ ಕಸುಬು, ಇಲ್ಲಿನ ಕಸುಬು ಒಂದೇ. ಅಳತೆ ಮಾತ್ರ ಬೇರೆ.

ಹಳೆಯ ತೆಪ್ಪವೊಂದು ಕೊಳದ ಆಚೆ ಬದಿಯಲ್ಲಿ ಆಗಲೇ ತೇಲುತ್ತಿದೆ. ಮೊಣಕಾಲೂರಿ ಕುಳಿತು ನೀರಿನ ಮಟ್ಟಕ್ಕೆ ಕಣ್ಣಿಟ್ಟರೆ ಅದರ ಕೆಳಮೈ ಕಾಣುತ್ತದೆ. ಜಾಲರಿಯ ಕಣ್ಣುಗಳಿಂದ ಬೇರುಗಳು ಬಿಳಿ ಕೂದಲಾಗಿ ಇಳಿದಿವೆ, ಆದರೆ ಎರಡು ಬೆರಳಿನುದ್ದಕ್ಕೆ ಎಲ್ಲವೂ ಸಮನಾಗಿ ಕತ್ತರಿಸಿದಂತಿವೆ. ಕತ್ತರಿ ಹಿಡಿದವು ಮೀನುಗಳೇ. ಕೆಂಪು ಮಚ್ಚೆಯದು ಬಂದು ಕೆಳಗಿನಿಂದ ಮೂತಿಯೊತ್ತಿ ತುದಿಯನ್ನು ಎಳೆಯುತ್ತದೆ. ತೆಪ್ಪ ತುಸು ಅಲುಗುತ್ತದೆ, ಮೇಲೆ ಕ್ಯಾನಾದ ಹಳದಿ ಹೂವು ತಲೆಯಾಡಿಸುತ್ತದೆ. ಒಳಗಿನ ಬೇರಿಗೆ ಏನೂ ಆಗಿಲ್ಲ. ಹೊರಗಿನದು ಮೀನಿನ ಪಾಲು, ಒಳಗಿನದು ಗಿಡದ ಪಾಲು. ತುದಿ ಕಡಿದಷ್ಟೂ ಒಳಗೆ ಕವಲು ಹೆಚ್ಚುತ್ತದೆ. ಈ ಪಾಲುಪಟ್ಟಿ ನನಗೆ ತುಂಬ ಹಿಡಿಸಿತು. ಬೇಲಿ ಹಾಕಿದ್ದಾರೆ, ಆದರೆ ಮೀನನ್ನು ಪೂರ್ತಿ ಹೊರಗಿಟ್ಟಿಲ್ಲ. ಮೊಟ್ಟೆಯಿಡುವ ಕಾಲದಲ್ಲಿ ಕೋಯಿಗಳು ಇದೇ ಬೇರಿನ ಮೇಲೆ ಅಂಟು ಮೊಟ್ಟೆ ಉದುರಿಸುತ್ತವೆ. ಮೊಟ್ಟೆಗಳನ್ನು ಹೆತ್ತವರೇ ತಿನ್ನುವುದರಿಂದ ಒಳಗೆ ಸಿಕ್ಕಿಕೊಂಡವಷ್ಟೇ ಉಳಿದು ಮರಿಯಾಗುತ್ತವೆ. ಆ ಮರಿಗಳಿಗೂ ಜಾಲರಿಯೊಳಗೇ ಆಸರೆ.

ನೈದಿಲೆಯ ಆಸೆಯನ್ನೂ ಟೀಚರಮ್ಮ ಬಿಟ್ಟಿಲ್ಲ. ಅದರ ಗೆಡ್ಡೆ ನೀರಿನಡಿಯಲ್ಲೇ ಇರಬೇಕು, ಎಲೆಯ ತೊಟ್ಟನ್ನು ಕೋಯಿ ಕಡಿಯದಿರಬೇಕು. ಅದಕ್ಕೆ ಅವರ ಉಪಾಯ ಬೇರೆ: ದುಂಡಗಿನ ತೇಲುಬಳೆ, ಅದರಿಂದ ನೀರೊಳಗೆ ಒಂದಡಿ ಇಳಿಬಿದ್ದ ಜಾಲರಿಯ ಕೊಳವೆ, ಕೊಳವೆಯ ತಳದಲ್ಲಿ ಜೇಡಿಮಣ್ಣಿನ ಸಣ್ಣ ಕುಂಡ, ಮಣ್ಣಿನ ಮೇಲೆ ಮೀನಿನ ಬಾಯಿಗಿಂತ ದೊಡ್ಡ ಹೊಳೆಗಲ್ಲುಗಳು. ಎಲೆಗಳು ಬಳೆಯೊಳಗೇ ಅರಳಿ ತೇಲುತ್ತವೆ. ಮೊದಲ ಎಲೆ ಆಗಲೇ ಬಿಚ್ಚಿದೆ, ಅಂಗೈಯಗಲ.

ಹೊಸ ತೆಪ್ಪವನ್ನು ಇಬ್ಬರೂ ಎರಡು ಬದಿ ಹಿಡಿದು ನೀರಿಗಿಳಿಸಿದರು. ಮೀನುಗಳು ಸರಕ್ಕನೆ ಆಳಕ್ಕೆ ಹೋದವು. ತೆಪ್ಪ ಒಮ್ಮೆ ತೂಗಿ ನಿಂತಿತು. ಪೈಪು ಅರ್ಧ ಮುಳುಗಿ, ಇನ್ನರ್ಧ ಅಂಚಾಗಿ ಮೇಲುಳಿದಿದೆ. ಅಂಚು ಇಷ್ಟಾದರೂ ಮೇಲಿರಬೇಕು, ಇಲ್ಲದಿದ್ದರೆ ಮೀನುಗಳು ಬದಿಯಿಂದ ಒಂದೆಲಗವನ್ನು ಎಳೆದುಕೊಂಡು ಹೋಗುತ್ತವೆ. ನೈಲಾನ್ ಹಗ್ಗದಿಂದ ಎರಡು ಕಡೆ ಗೂಟಕ್ಕೆ ಕಟ್ಟಿದರು, ಪಂಪಿನ ನೀರು ಬೀಳುವಲ್ಲಿಗೆ ಹೋಗದ ಹಾಗೆ.

“ಇನ್ನೂ ಎರಡು ಮಾಡಾಣ್ವಾ ಅಮ್ಮಾ? ಜಾಗ ಇದೆ.”

“ಬೇಡ. ಮೂರರಲ್ಲಿ ಒಂದು ಪಾಲು ಮುಚ್ಚಿದ್ರೆ ಸಾಕು. ರಾತ್ರಿ ಗಿಡಾನೂ ಉಸಿರಾಡ್ತದೆ, ಮೀನೂ ಉಸಿರಾಡ್ತದೆ.”

ಬೇಸಿಗೆಯಲ್ಲಿ ಆ ಎಚ್ಚರ ಇನ್ನೂ ಹೆಚ್ಚು ಬೇಕು. ಸಮುದ್ರಮಟ್ಟದ ಲೆಕ್ಕದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು 9 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದರೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಗಾಳಿ ನೀರಿಗೆ ಸೇರಲು ಬಯಲು ಮೈ ಇರಲೇಬೇಕು.

ಹುಡುಗ ಸಾಮಾನು ಚೀಲಕ್ಕೆ ತುಂಬುತ್ತಿದ್ದವನು ಉಳಿದ ಪೈಪಿನ ತುಂಡುಗಳನ್ನು ಕೈಯಲ್ಲಿ ಹಿಡಿದು ನಿಂತ. “ಇವು ಬೇಡ ಅಂದ್ರೆ ನಾನು ತಗೊಂಡೋಗ್ಲಾ? ನಮ್ಮನೆ ಸಿಮೆಂಟ್ ತೊಟ್ಟಿಲಿ ಮಗಳು ನಾಲ್ಕು ಮೀನು ಬಿಟ್ಟವ್ಳೆ.”

“ತಗೊಂಡೋಗು. ಯಾವ ಮೀನು?”

“ಕೆಂಪಗವೆ, ಹೆಸರು ಗೊತ್ತಿಲ್ಲ.”

“ಮೀಸೆ ಇದ್ಯಾ ನೋಡು. ಇದ್ರೆ ಕೋಯಿ, ಆ ತೊಟ್ಟಿ ಸಾಲದು, ಎರಡಡಿ ಬೆಳೀತವೆ, ಇಲ್ಲಿಗೆ ತಂದುಬಿಡು. ಇಲ್ಲದಿದ್ರೆ ಗೋಲ್ಡ್ ಫಿಶ್ಶು. ಅದೂ ಬೇರು ಕೆದಕ್ತದೆ, ಜಾಲರಿ ಕಟ್ಟೋದು ಮರೀಬೇಡ.” ಹೀಗೆನ್ನುತ್ತಲೇ ಬಕೆಟ್ಟಿನಲ್ಲಿ ಮಿಕ್ಕಿದ್ದ ಬಜೆಯ ಎರಡು ಗೆಡ್ಡೆಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಅವನ ಚೀಲಕ್ಕಿಟ್ಟರು.